ಮಾನವಶಾಸ್ತ್ರ ಓದಿ, ಭೂತಕೋಲವನ್ನು ಸದ್ಯಕ್ಕೆ ಬಿಡಿ

ಪದವಿ ಫಲಿತಾಂಶ ಬರುವ ಹೊತ್ತಿಗೆ ಉಡುಪಿ, ಮಂಗಳೂರು ಕಡೆಯ ಕೆಲವು ವಿದ್ಯಾರ್ಥಿಗಳಾದರೂ ಪ್ರತಿವರ್ಷ ನನ್ನನ್ನು ಕೇಳುವುದುಂಟು: ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಬಹುದೇ, ಮಾಡಿದರೆ ಮುಂದೇನು? ಖಂಡಿತ ಮಾಡಿ ಎಂದೇ ಹೇಳುತ್ತ ಬಂದಿದ್ದೇನೆ. ಅದರ ಜೊತೆಗೆ ಒಂದು ಷರತ್ತನ್ನೂ ಹಾಕುತ್ತೇನೆ, ಅದು ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಎರಡನೆಯ ವರ್ಷದಲ್ಲಿ ಕಿರುಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳುವಾಗ ಭೂತಾರಾಧನೆಯನ್ನು, ಅಂದರೆ ತುಳುನಾಡಿನ ದೈವಗಳ ಕೋಲ, ನೇಮಗಳನ್ನು ಆರಿಸಿಕೊಳ್ಳಬೇಡಿ ಎಂಬುದೇ ಆ ಷರತ್ತು. ತುಳುನಾಡಿನವರಾಗಿದ್ದೂ ಹೀಗೆ ಹೇಳುತ್ತೀರಾ ಎಂದು ಕೇಳಿದವರಿದ್ದಾರೆ. ತುಳುನಾಡಿನವರಾಗಿರುವುದರಿಂದಲೇ ಹೇಳುತ್ತಿದ್ದೇನೆ. ಯಾಕೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಈ ಎಂ.ಎ.ಯಲ್ಲಿ ಏನಿದೆ ಎಂಬುದು. ಮಾನವಶಾಸ್ತ್ರವೆಂದರೆ ಬುಡಕಟ್ಟುಗಳ ಉಡುಗೆ ತೊಡುಗೆಯ ವಿವರ ಎಂದುಕೊಂಡು ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲೇ ಆಶ್ಚರ್ಯ ಕಾದಿರುತ್ತದೆ. ಮನುಷ್ಯನ ವಿಕಾಸ, ತಳಿವಿಜ್ಞಾನ, ರಕ್ತದ ಗುಂಪುಗಳು, ಶಿಲಾಯುಗದ ಉಪಕರಣಗಳು, ಭಾಷೆ, ಬಂಧುತ್ವ, ಧರ್ಮ, ಆರ್ಥಿಕತೆ ಎಲ್ಲವೂ ಇದರೊಳಗೆ ಬರುತ್ತವೆ. ಪ್ರಾಯೋಗಿಕ ತರಗತಿಯಲ್ಲಿ ಕ್ಯಾಲಿಪರ್ ಹಿಡಿದು ಸಹಪಾಠಿಯ ತಲೆಯ ಉದ್ದ, ಅಗಲ ಅಳೆಯಬೇಕು. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಶಿರಸೂಚ್ಯಂಕ ಬರೆಯಬೇಕು. ಕಲಾ ವಿಭಾಗದಿಂದ ಬಂದ ನನ್ನಂಥವರಿಗೆ ಇದು ಹೊಸತು. ಆದರೆ ಇದೇ ಕ್ಯಾಲಿಪರಿಗೆ ಒಂದು ಚರಿತ್ರೆಯಿದೆ. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಜಾತಿಗಳ ಮೂಗು, ತಲೆ ಅಳೆದು, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದರು. ನಮ್ಮ ಜಿಲ್ಲೆಯ ಜಾತಿಗಳೂ ಅದರಲ್ಲಿವೆ. ಜನರನ್ನು ಹೀಗೆ ಅಳೆದು ವಿಂಗಡಿಸಿದ ಆಡಳಿತದ ಕಣ್ಣು ಎಂಥದ್ದಾಗಿತ್ತು ಎಂಬುದನ್ನೂ ಅದೇ ತರಗತಿಯಲ್ಲಿ ಚರ್ಚಿಸುತ್ತಾರೆ, ಚರ್ಚಿಸಬೇಕು.

ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಬಂಧುತ್ವದ ಪತ್ರಿಕೆ. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಸಮಚಿಹ್ನೆ ಹಾಕಿ ವಂಶಾವಳಿ ಬರೆಯುವುದನ್ನು ಅಲ್ಲಿ ಕಲಿಸುತ್ತಾರೆ. ತರಗತಿಯಲ್ಲಿ ಮಾತೃವಂಶೀಯ ಪದ್ಧತಿಗೆ ಉದಾಹರಣೆಯಾಗಿ ಕೇರಳದ ನಾಯರರನ್ನೂ, ಮೊದಲ ಮಹಾಯುದ್ಧದ ಕಾಲದಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಹೋಗಿ ನೆಲೆಸಿದ್ದ ಟ್ರೋಬ್ರಿಯಾಂಡ್ ದ್ವೀಪದವರನ್ನೂ ಪಾಠ ಮಾಡಿದರು. ಬೇರೆ ಊರುಗಳಿಂದ ಬಂದ ಸಹಪಾಠಿಗಳಿಗೆ ತಂದೆಗಿಂತ ಸೋದರಮಾವನಿಗೆ ಹೆಚ್ಚಿನ ಅಧಿಕಾರ ಎಂಬುದು ವಿಚಿತ್ರವಾಗಿ ಕಂಡಿತು. ಕುಟುಂಬ, ಆಸ್ತಿ ಹೆಣ್ಣಿನ ಸಾಲಿನಲ್ಲೇ ಮುಂದುವರಿಯುವ ನಮ್ಮ ಅಳಿಯಕಟ್ಟಿನ ಮನೆಯಲ್ಲಿ ಬೆಳೆದವರಿಗೆ ಅದರಲ್ಲಿ ವಿಚಿತ್ರವೇನು? ರಜೆಯಲ್ಲಿ ಊರಿಗೆ ಬಂದು ಅಜ್ಜಿಯನ್ನು ಕೂರಿಸಿಕೊಂಡು ನಮ್ಮ ಕುಟುಂಬದ ವಂಶಾವಳಿ ಬರೆಯಲು ಹೊರಟಾಗ ಮಾತ್ರ ಬೇರೆಯೇ ಸಂಗತಿಗಳು ಹೊರಬಂದವು. ಅಜ್ಜಿ ಹೆಂಗಸರ ಸಾಲನ್ನು ತಡವರಿಸದೆ ಹೇಳುತ್ತ ಹೋದರು, ಯಾರದು ಯಾವ ಬಳಿ (ತಾಯಿಯ ಕಡೆಯಿಂದ ಬರುವ ಗೋತ್ರ) ಎಂಬುದನ್ನೂ ಬಿಡಲಿಲ್ಲ. ಕುಟುಂಬಕ್ಕೆ ಮದುವೆಯಾಗಿ ಬಂದ ಗಂಡಸರ ತಂದೆಯ ಹೆಸರು ಕೇಳಿದರೆ ಮಾತ್ರ, ‘ಅವನು ಹೊರಗಿನವನಲ್ವಾ ಮಗಾ, ಅದೆಲ್ಲ ಯಾಕೆ ನಿಂಗೆ’ ಎಂದು ಮುಂದಕ್ಕೆ ಹೋಗುತ್ತಿದ್ದರು. ಅದೇ ಮನೆಯ ಜಾಗದ ಪತ್ರಗಳಲ್ಲಿ ಇರುವುದು ಹೆಚ್ಚಾಗಿ ಗಂಡಸರ ಹೆಸರು. 1949ರ ಮದರಾಸು ಅಳಿಯಸಂತಾನ ಕಾಯ್ದೆಯಿಂದ ಕುಟುಂಬದ ಆಸ್ತಿ ಪಾಲಾಗುವ ದಾರಿ ಸುಗಮವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1974ರ ಭೂಸುಧಾರಣಾ ತಿದ್ದುಪಡಿ ಇವೆಲ್ಲ ಸೇರಿ ಹಳೆಯ ವ್ಯವಸ್ಥೆಯ ಬುಡವನ್ನೇ ಅಲುಗಾಡಿಸಿದವು. ಅಜ್ಜಿಯ ನೆನಪಿನಲ್ಲಿದ್ದ ಕುಟುಂಬಕ್ಕೂ ಕಾಗದದಲ್ಲಿರುವ ಕುಟುಂಬಕ್ಕೂ ನಡುವಿನ ಈ ಅಂತರವನ್ನು ನಾನು ಹಾಗೆ ಕುಳಿತು ಕೇಳದಿದ್ದರೆ ಗಮನಿಸುತ್ತಲೇ ಇರಲಿಲ್ಲ. ನಮ್ಮ ಸಂಸ್ಕೃತಿಯ ಬಗ್ಗೆ ಹೆಮ್ಮೆಪಡುವುದಕ್ಕೆ ಎಂ.ಎ. ಪದವಿ ಬೇಕಿಲ್ಲ, ಇಂಥ ಅಂತರಗಳನ್ನು ಗುರುತಿಸುವುದಕ್ಕೆ ತರಬೇತಿ ಬೇಕು.

ಇನ್ನು ಷರತ್ತಿನ ವಿಚಾರಕ್ಕೆ ಬರುತ್ತೇನೆ. ತುಳುನಾಡಿನ ದೈವಗಳ ಬಗ್ಗೆ ಬರೆದವರು ಕಡಿಮೆಯೇನಿಲ್ಲ. ಇಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಅವರು ತೀರಿಕೊಂಡ ಮೇಲೆ, 1890ರ ದಶಕದಲ್ಲೇ ಅಚ್ಚಾದವು. ಅಮೆರಿಕದ ಪೀಟರ್ ಕ್ಲಾಸ್ 1960ರ ದಶಕದಿಂದಲೂ ಇಲ್ಲಿಗೆ ಬಂದು ಹೋಗುತ್ತ ಪಾಡ್ದನದ ನಾಯಕಿ ಸಿರಿಯ ಬಗ್ಗೆ, ಪಾಡ್ದನಗಳ ಬಗ್ಗೆ ಬರೆದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇಂಥ ಕೆಲಸಕ್ಕೆ ನೆಲೆ ಒದಗಿಸಿತು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಅನ್ನೆಲಿ ಹೊಂಕೊ ಅವರು ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಂದಿಗೆ ಸೇರಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿರುವುದು 15,683 ಸಾಲುಗಳು. ಇಷ್ಟು ದೊಡ್ಡ ಕೆಲಸಗಳು ವರ್ಷಗಟ್ಟಲೆ ನಡೆದ ಈ ಕ್ಷೇತ್ರಕ್ಕೆ ಕೆಲವೇ ವಾರಗಳ ಕ್ಷೇತ್ರಕಾರ್ಯದ ಅವಕಾಶವಿರುವ ವಿದ್ಯಾರ್ಥಿ ಹೋಗಿ ಒಂದೆರಡು ನೇಮ ನೋಡಿ ಏನನ್ನು ಹೊಸದಾಗಿ ಹೇಳಬಲ್ಲ?

ಹೇಳುವುದು ಏನೆಂಬುದನ್ನು ನಾನು ಓದಿದ್ದೇನೆ. ದೈವದ ಹುಟ್ಟಿನ ಕಥೆ ಒಂದು ಅಧ್ಯಾಯ, ಬೆನ್ನಿಗೆ ಕಟ್ಟುವ ಅಣಿ, ಕಾಲಿಗೆ ಹಾಕುವ ಗಗ್ಗರ, ಬಣ್ಣದ ವರ್ಣನೆ ಇನ್ನೊಂದು ಅಧ್ಯಾಯ, ಕೊನೆಗೆ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಹೇಳಿದ ಲಿಮಿನಾಲಿಟಿಯನ್ನು (ಆಚರಣೆಯಲ್ಲಿ ಎರಡು ಸ್ಥಿತಿಗಳ ನಡುವೆ ಇರುವುದು) ತಂದು ಅಂಟಿಸಿ ಉಪಸಂಹಾರ. ಊರಿನ ಹೆಸರು ಬದಲಾಯಿಸಿದರೆ ಒಂದು ಪ್ರಬಂಧ ಇನ್ನೊಂದರ ಜಾಗದಲ್ಲಿ ಕೂರುತ್ತದೆ. ಅದಕ್ಕಿಂತ ಗಂಭೀರವಾದ ತೊಂದರೆ ಬೇರೆಯಿದೆ. ನೇಮದ ದಿನ ವಿದ್ಯಾರ್ಥಿ ಎಲ್ಲಿ ಕುಳಿತಿರುತ್ತಾನೆ ಎಂಬುದನ್ನು ಗಮನಿಸಿ. ಬಹುಮಟ್ಟಿಗೆ ಊರಿನ ಯಜಮಾನಿಕೆಯ ಗುತ್ತಿನ ಮನೆಯ ಚಾವಡಿಯಲ್ಲಿ, ಗೌರವದ ಕುರ್ಚಿಯಲ್ಲಿ. ಅವನಿಗೆ ಮಾಹಿತಿ ಕೊಡುವವರು ಆಡಳಿತ ಸಮಿತಿಯವರು. ದೈವ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯಗಳವರ ಜೊತೆ ಅವನ ಮಾತು ಬಣ್ಣ ಹಚ್ಚಿಕೊಳ್ಳುವ ಹೊತ್ತಿನ ನಾಲ್ಕು ಪ್ರಶ್ನೆಗಳಿಗೆ ಮುಗಿಯುತ್ತದೆ. ನೇಮಗಳ ಋತು ಮುಗಿಯುವ ಪತ್ತನಾಜೆಯ ನಂತರ ಗಗ್ಗರ ಒಳಗಿಟ್ಟು ಮಳೆಗಾಲವಿಡೀ ಅವರು ಏನು ಮಾಡುತ್ತಾರೆ, ಕೆಂಡ, ನಿದ್ದೆಗೇಡು, ಅಣಿಯ ಭಾರ ಇವುಗಳಿಂದ ದೇಹ ಏನಾಗಿದೆ, ಮಗನಿಗೆ ಈ ಕಟ್ಟುಕಟ್ಟಳೆ ಬೇಕಿದೆಯೇ, ಬೇಡವೆಂದರೆ ಬಿಡುವ ಸ್ವಾತಂತ್ರ್ಯ ಅವನಿಗಿದೆಯೇ? ಇವನ್ನು ಕೇಳುವ ಧೈರ್ಯವಿರುವ ವಿದ್ಯಾರ್ಥಿ ಬಂದರೆ ನನ್ನ ಷರತ್ತನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಊರಿನ ದೈವಕ್ಕೆ ಕೈಮುಗಿದು ಬೆಳೆದ, ಚಾವಡಿಯವರಿಗೆ ಮಾವ, ದೊಡ್ಡಪ್ಪ ಎನ್ನುವ ಹುಡುಗನೊಬ್ಬ ಇದನ್ನೆಲ್ಲ ಅದೇ ಚಾವಡಿಯ ಎದುರು ಕೇಳುವುದು ಸುಲಭವಲ್ಲ. ಈಗಂತೂ ಮೊಬೈಲಿನಲ್ಲಿ ದೈವದ ಬಗ್ಗೆ ಯಾರು ಏನು ಬರೆದರೂ ಸಂಜೆಯೊಳಗೆ ಜಗಳವಾಗುತ್ತದೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಂಥವರಿಗೇ ಈ ತೊಡಕು ತಪ್ಪಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಘುರ್ಯೆಯವರ ಬಳಿ ಓದಿ, ಆಕ್ಸ್‌ಫರ್ಡಿಗೆ ಹೋಗಿ ಬಂದ ಅವರು 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಹೋಗಿ ಕುಳಿತರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ಆ ಮೇಲೆ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದ ಕಥೆ ಎಲ್ಲರಿಗೂ ಗೊತ್ತು, ಉಪನ್ಯಾಸಕರು ಅದನ್ನು ರಸವತ್ತಾಗಿ ಹೇಳುತ್ತಾರೆ. ಊರನ್ನು ತಾವು ಹೆಚ್ಚಾಗಿ ಮೇಲ್ಜಾತಿಯವರ ಕಡೆಯಿಂದಲೇ ಕಂಡದ್ದು ಎಂದು ಅವರು ಆ ಬರಹದಲ್ಲೇ ಒಪ್ಪಿಕೊಂಡಿರುವುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಹಾಗಾದರೆ ಯಾವ ವಿಷಯ? ನನ್ನ ಕಿರುಪ್ರಬಂಧ ಬೀಡಿ ಕಟ್ಟುವ ಮನೆಗಳ ಕುರಿತಾಗಿತ್ತು. ಕರಾವಳಿಯಲ್ಲಿ ಎಷ್ಟೋ ಮನೆಗಳ ಅಡುಗೆ, ಮಕ್ಕಳ ಫೀಸು, ಮದುವೆಯ ಚಿನ್ನ ಬೀಡಿಯಿಂದ ನಡೆದಿದೆ. ಆದರೂ ನಮ್ಮ ಸಂಸ್ಕೃತಿಯ ಪಟ್ಟಿಯಲ್ಲಿ ಬೀಡಿಗೆ ಜಾಗವಿಲ್ಲ. ಆ ಮನೆಗಳ ಜಗಲಿಯಲ್ಲಿ ಮಧ್ಯಾಹ್ನದ ಹೊತ್ತು ಕುಳಿತು ನೋಡುವುದೇ ನನ್ನ ಕೆಲಸವಾಗಿತ್ತು. ನೆನೆಸಿ ಮೆತ್ತಗಾದ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವುದು, ಮಡಿಲಿನ ತಡ್ಪೆ ಎಂಬ ಮೊರದಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ಸುರುಳಿ ಸುತ್ತುವುದು, ತುದಿಯನ್ನು ಬೆರಳಿನಿಂದ ಒಳಕ್ಕೆ ಮಡಚಿ ನೂಲು ಬಿಗಿಯುವುದು. ಇಷ್ಟೂ ನಡೆಯುವಾಗ ಅವರ ಕಣ್ಣು ಟಿ.ವಿ. ಧಾರಾವಾಹಿಯ ಮೇಲಿರುತ್ತದೆ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಕೊಡುವ ಪುಸ್ತಕ ತಾಯಿಯ ಹೆಸರಿನಲ್ಲಿ, ಕಟ್ಟಿದವರಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಹಾಗಾಗಿ ಆಗ ಜಾರಿಯಲ್ಲಿದ್ದ 1966ರ ಬೀಡಿ ಕಾರ್ಮಿಕರ ಕಾಯ್ದೆಯ ಲೆಕ್ಕದಲ್ಲಿ ಒಬ್ಬಳೇ ಕಾರ್ಮಿಕಳು. ಪಿ.ಎಫ್. ಕೂಡ ಒಬ್ಬಳಿಗೇ. ಆ ಹಣ ಬಂದಾಗ ಮಕ್ಕಳ ಪಾಲು ಎಷ್ಟು ಎಂಬ ಮಾತು ಮನೆಯೊಳಗೆ ಹೇಗೆ ಬರುತ್ತದೆ, ಯಾರು ಅದನ್ನು ಎತ್ತುತ್ತಾರೆ, ಯಾವಾಗ ಎತ್ತುವುದಿಲ್ಲ ಎಂಬುದು ಪ್ರಶ್ನಾವಳಿ ಹಿಡಿದು ಅರ್ಧ ಗಂಟೆ ಬಂದು ಹೋಗುವವರಿಗೆ ಗೊತ್ತಾಗುವ ಸಂಗತಿಯಲ್ಲ. ಹಾಗೆ ಕುಳಿತು ಕೇಳುವ ವ್ಯವಧಾನವನ್ನು ಕಲಿಸುವುದಕ್ಕೇ ಮಾನವಶಾಸ್ತ್ರ ಇರುವುದು.

ಮಲ್ಪೆ ಬಂದರಿಗೆ ಹೋಗಿ. ಅಲ್ಲಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗರು ದುಡಿಯುತ್ತಾರೆ. ಬೋಟು ನಡೆಸುವ ತಾಂಡೇಲನ ತುಳು ಅವರಿಗೆ ಎಷ್ಟು ಅರ್ಥವಾಗುತ್ತದೆ, ಬೋಟಿನಲ್ಲಿ ಅಡುಗೆ ಯಾರದು, ಡೀಸೆಲ್ ಮತ್ತು ಐಸಿನ ಖರ್ಚು ಕಳೆದ ಮೇಲೆ ಪಾಲು ಹೇಗೆ ಹಂಚುತ್ತಾರೆ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಊರಿಗೆ ಹೋದವರಲ್ಲಿ ಯಾರು ಮರಳಿ ಅದೇ ಬೋಟಿಗೆ ಬರುತ್ತಾರೆ, ಕ್ಯಾಬಿನ್ನಿನಲ್ಲಿ ಯಾವ ಯಾವ ದೇವರ ಫೋಟೋಗಳಿವೆ? ಒಂದು ಒಳ್ಳೆಯ ಎಂ.ಎ. ಪ್ರಬಂಧಕ್ಕೆ ಇಷ್ಟು ಧಾರಾಳ ಸಾಕು. ಮಣಿಪಾಲದ ಆಸ್ಪತ್ರೆಗಳ ಸುತ್ತಮುತ್ತ ಲಾಡ್ಜುಗಳಲ್ಲಿ ವಾರಗಟ್ಟಲೆ ಉಳಿಯುವ ದೂರದೂರಿನ ರೋಗಿಗಳ ಮನೆಯವರು ಮತ್ತೊಂದು ಲೋಕ.

ಕೊರಗರ ಬಗ್ಗೆ ಅಧ್ಯಯನ ಮಾಡುತ್ತೇನೆ ಎನ್ನುವವರೂ ಇದ್ದಾರೆ, ಅವರಿಗೊಂದು ಮಾತು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಸರ್ಕಾರ ಗುರುತಿಸಿರುವುದು ಎರಡನ್ನು, ಜೇನು ಕುರುಬರು ಮತ್ತು ಕೊರಗರು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲಿ ಕಾಯ್ದೆ ಬಂದಿದೆ. ಆ ಕಾಯ್ದೆಯ ಮೊದಲೂ ಆನಂತರವೂ ಈ ಸಮುದಾಯವನ್ನು ಸಮೀಕ್ಷೆ ಮಾಡಿದವರಿಗೆ ಲೆಕ್ಕವಿಲ್ಲ. ಒಮ್ಮೆ ವಿದ್ಯಾರ್ಥಿಗಳ ಜೊತೆ ಕಾಲನಿಯೊಂದಕ್ಕೆ ಹೋದಾಗ ಬುಟ್ಟಿ ಹೆಣೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ನಾವು ಬಾಯಿ ತೆರೆಯುವ ಮೊದಲೇ ಮನೆಯಲ್ಲಿ ಎಷ್ಟು ಜನ, ಎಷ್ಟು ಓದಿದ್ದಾರೆ, ಶೌಚಾಲಯ ಇದೆ, ರೇಷನ್ ಕಾರ್ಡು ಇದೆ ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. ‘ಇನ್ನೇನಾದರೂ ಇದ್ದರೆ ಕೇಳಿ ಸರ್, ಮೊನ್ನೆ ಬಂದವರು ಇಷ್ಟೇ ಕೇಳಿದ್ದು’ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಭ್ಯಾಸವಿತ್ತು. ನಿಮ್ಮಲ್ಲಿ ಅವರಿಗೆ ಹೊಸ ಪ್ರಶ್ನೆಯಿದ್ದರೆ, ಬರೆದದ್ದನ್ನು ಮರಳಿ ಓದಿಹೇಳುವ ಮನಸ್ಸಿದ್ದರೆ ಹೋಗಿ. ಇಲ್ಲದಿದ್ದರೆ ಅವರ ಕೆಲಸಕ್ಕೆ ಅಡ್ಡಿ ಮಾಡಬೇಡಿ. ಆ ಸಮುದಾಯದಿಂದಲೇ ಬಂದ ಪದವೀಧರರು ಈಗ ಇದ್ದಾರೆ, ಈ ಎಂ.ಎ.ಗೆ ಮೊದಲು ಸೇರಬೇಕಾದವರು ಅವರು.

ಎಲ್ಲಿ ಓದಬೇಕು, ಕೆಲಸ ಏನು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ಹೈದರಾಬಾದ್ ಮತ್ತು ಪುದುಚೇರಿ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲೂ ಇವೆ, ಅಲ್ಲಿಗೆ ಸಿ.ಯು.ಇ.ಟಿ. ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮವರು ಹೆಚ್ಚಾಗಿ ಯೋಚಿಸದ ಜಾಗವೆಂದರೆ ಕಣ್ಣೂರು ವಿಶ್ವವಿದ್ಯಾಲಯದ ತಲಶ್ಶೇರಿ ಸಮೀಪದ ಪಾಲಯಾಡ್ ಕ್ಯಾಂಪಸ್. ಮಂಗಳೂರಿನಿಂದ ರೈಲು ಹತ್ತಿದರೆ ಮೈಸೂರಿಗಿಂತ ಬೇಗ ತಲುಪುತ್ತೀರಿ. ಐ.ಎ.ಎಸ್. ಪರೀಕ್ಷೆಗೆ 500 ಅಂಕದ ಐಚ್ಛಿಕ ವಿಷಯವಾಗುತ್ತದೆಂಬ ಒಂದೇ ಕಾರಣಕ್ಕೆ ಎರಡು ವರ್ಷ ಕಳೆಯುವುದಾದರೆ ಬೇಡ, ಅದಕ್ಕೆ ಕೋಚಿಂಗ್ ನೋಟ್ಸು ಸಾಕು. 1945ರಲ್ಲಿ ಸ್ಥಾಪನೆಯಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದ್ದರೂ ಹುದ್ದೆಗಳಿಗೆ ವರ್ಷವರ್ಷವೂ ಕರೆಯುವುದಿಲ್ಲ. ಸಾರ್ವಜನಿಕ ಆರೋಗ್ಯದ ಸಂಶೋಧನೆ, ಬುಡಕಟ್ಟು ಕಲ್ಯಾಣದ ಯೋಜನೆಗಳು, ಮ್ಯೂಸಿಯಂಗಳು, ಜನ ಒಂದು ಆ್ಯಪನ್ನು ಹೇಗೆ ಬಳಸುತ್ತಾರೆಂದು ತಿಳಿಯಬಯಸುವ ಕಂಪೆನಿಗಳು, ಇವು ಈಗಿನ ದಾರಿಗಳು. ಕಾಲೇಜು ಉಪನ್ಯಾಸಕರಾಗುವ ಆಸೆಯಿದ್ದರೆ, ಕರಾವಳಿಯ ಪದವಿ ಕಾಲೇಜುಗಳಲ್ಲಿ ಈ ವಿಷಯ ಕಾಣಸಿಗುವುದೇ ಅಪರೂಪ ಎಂಬುದನ್ನು ತಂದೆ ತಾಯಿಗೆ ಮೊದಲೇ ತಿಳಿಸಿಬಿಡಿ.

ಕ್ಷೇತ್ರಕಾರ್ಯದ ಖರ್ಚಿನ ಬಗ್ಗೆಯೂ ಮೊದಲೇ ವಿಚಾರಿಸಿಕೊಳ್ಳಿ. ಬಸ್ಸು, ಊಟ, ಬಾಡಿಗೆ ಬಹುತೇಕ ನಿಮ್ಮ ಕೈಯಿಂದಲೇ ಹೋಗುತ್ತದೆ, ವಿಭಾಗ ಕೊಡುವುದು ಪ್ರಮಾಣಪತ್ರ ಮತ್ತು ಒಂದು ಪರಿಚಯಪತ್ರ. ನಮ್ಮೂರಿನಲ್ಲೇ ಕ್ಷೇತ್ರವನ್ನು ಆರಿಸಿಕೊಂಡರೆ ಮನೆಯೂಟವಾದರೂ ಉಳಿಯುತ್ತದೆ, ಬೀಡಿ ಮನೆಗಳನ್ನು ನಾನು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ಈ ವರ್ಷ ಸೇರುವವರಿದ್ದರೆ, ಮನಸ್ಸಿನಲ್ಲಿರುವ ವಿಷಯವನ್ನು ಕೆಳಗೆ ಬರೆಯಿರಿ. ಭೂತಕೋಲವೆಂದು ಬರೆದರೂ ಉತ್ತರಿಸುತ್ತೇನೆ, ನಲಿಕೆಯವರ ಮನೆಗೆ ಮಳೆಗಾಲದಲ್ಲಿ ಎಷ್ಟು ಸಲ ಹೋಗಿದ್ದೀರಿ ಎಂದು ಕೇಳಿದ ಮೇಲೆ.