ಸತ್ಯಾಂಶ: ಫೇಲ್ ಮಾಡದ ನಿಯಮ ಸರ್ಕಾರಿ ಶಾಲೆಗೆ ಮಾತ್ರವಾ?

ಅಡ್ಮಿಷನ್ ಹೊತ್ತಿಗೆ ಸರಿಯಾಗಿ ಈ ಮೆಸೇಜ್ ಓಡಾಡುತ್ತದೆ: ‘ಸರ್ಕಾರಿ ಶಾಲೆಯಲ್ಲಿ 8ನೇ ಕ್ಲಾಸಿನವರೆಗೆ ಫೇಲೇ ಮಾಡಲ್ಲ. ಮೇಷ್ಟ್ರಿಗೂ ಅರ್ಹತೆ ಇರಲ್ಲ. ಕಾನ್ವೆಂಟಿಗೆ ಹಾಕಿ.’

ಮೊದಲ ಮಾತು ಅರ್ಧ ಸತ್ಯ. ಆ ನಿಯಮ ಬಂದಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. ಜಾರಿಯಾಗಿದ್ದು 2010ರ ಏಪ್ರಿಲ್ 1ರಂದು, ಖಾಸಗಿ ಶಾಲೆಗಳಿಗೂ ಸೇರಿಸಿ. 2019ರ ತಿದ್ದುಪಡಿ ಆದಮೇಲೆ 5 ಮತ್ತು 8ನೇ ತರಗತಿಯಲ್ಲಿ ಮಕ್ಕಳನ್ನು ಫೇಲ್ ಮಾಡಿ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ತೀರ್ಮಾನ ಸರ್ಕಾರಗಳಿಗೆ ಬಿಟ್ಟಿದ್ದು.

ಎರಡನೆಯದಂತೂ ಸುಮ್ನೆ ಹಬ್ಬಿಸಿದ್ದು. ಕರ್ನಾಟಕದಲ್ಲಿ ಈಗ 6ರಿಂದ 8ನೇ ತರಗತಿಗೆ ಸರ್ಕಾರಿ ಶಿಕ್ಷಕರಾಗಲು ಡಿಗ್ರಿ, ಶಿಕ್ಷಕರ ತರಬೇತಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎಲ್ಲ ಬೇಕು. ಟಿಇಟಿಯಲ್ಲಿ ಸಾಮಾನ್ಯ ವರ್ಗದವರು 150ಕ್ಕೆ 90 ತೆಗೆಯಬೇಕು. ಆಮೇಲೆ ನೇಮಕಾತಿ ಪರೀಕ್ಷೆ ಬೇರೆ!

ಸಣ್ಣ ಊರುಗಳಲ್ಲಿ ನಿಜವಾದ ತೊಂದರೆ ಖಾಲಿ ಹುದ್ದೆಗಳದ್ದು. ಗಣಿತದ ಮೇಷ್ಟ್ರು ವರ್ಗವಾಗಿ ಹೋದರೆ ಕನ್ನಡ ಟೀಚರೇ ಬೋರ್ಡಿನ ಮೇಲೆ ಬೀಜಗಣಿತ ಬರೆಯಬೇಕಾಗುತ್ತದೆ. ಕಷ್ಟ ಅಲ್ವಾ? ಹಾಗಾಗಿ ಶಾಲೆ ನೋಡಲು ಹೋದಾಗ ಟೈ, ಶೂ ಬಿಡಿ. 7ನೇ ಕ್ಲಾಸಿನ ಒಂದು ಗಣಿತದ ನೋಟ್‌ಬುಕ್ ಕೇಳಿ. ತಪ್ಪಾದ ಲೆಕ್ಕದ ಪಕ್ಕ ಬರೀ ಕೆಂಪು ಗೀಟು ಇದೆಯಾ, ಇಲ್ಲಾ ಎಲ್ಲಿ ಎಡವಿದ್ದಾನೆ ಅಂತ ತಿದ್ದಿ ತೋರಿಸಿದ್ದಾರಾ, ನೋಡಿ.