ಸಾರಾ ಅಜ್ಜಿಗೆ ದೀಪ ಹಚ್ಚುವ ದಿನ ಆಗಸ್ಟ್ 30 ಅಲ್ಲ

ಕೊಚ್ಚಿಯ ಮಟ್ಟಾಂಚೇರಿಯ ಯಹೂದಿ ಅಜ್ಜಿ ಸಾರಾ ಕೊಹೆನ್ ಬಗ್ಗೆ ನೀವು ಬರೆದದ್ದು ಮನಮುಟ್ಟಿತು. ಕಿಪ್ಪಾ ಎಂಬ ಪುಟ್ಟ ಟೋಪಿಗೆ, ಹಲ್ಲಾ ರೊಟ್ಟಿಯ ಹೊದಿಕೆಗೆ ಕಸೂತಿ ಹಾಕುತ್ತಿದ್ದ ಆ ಹಿರಿಯ ಜೀವ 96ನೇ ವಯಸ್ಸಿನಲ್ಲಿ ಹೋದದ್ದು 2019ರ ಆಗಸ್ಟ್ 30ರಂದು, ನಿಜ. ಆದರೆ ಪ್ರತಿವರ್ಷ ಅದೇ ತಾರೀಖಿಗೆ ಅವರ ನೆನಪಿಗೆ ದೀಪ ಹಚ್ಚಿ ಎಂಬ ನಿಮ್ಮ ಸಲಹೆ ತಿದ್ದಬೇಕು. ಯಹೂದಿಗಳಲ್ಲಿ ಸತ್ತವರ ವಾರ್ಷಿಕ ಸ್ಮರಣೆ ನಮ್ಮ ತಿಥಿಯಂತೆಯೇ: ಹೀಬ್ರೂ ಪಂಚಾಂಗದ ಲೆಕ್ಕ, 19 ವರ್ಷಕ್ಕೆ 7 ಅಧಿಕ ಮಾಸ. ಆ ಆಗಸ್ಟ್ 30ರ ಹಗಲು ಅವ್ ಮಾಸದ 29. ಸೂರ್ಯ ಮುಳುಗಿದ ಮೇಲಾದರೆ 30. ಹೆಚ್ಚಿನವರು ತಪ್ಪುವುದು ಇಲ್ಲಿಯೇ, ಆದ್ದರಿಂದ ಯಾರದೇ ಆಗಲಿ, ಸಾವಿನ ಹೊತ್ತನ್ನೂ ಬರೆದಿಡಿ.

ದಿನ ಶುರುವಾಗುವುದು ಸಂಜೆಗೆ. ಹಾಗಾಗಿ ಹಿಂದಿನ ಸಂಜೆ, ಸೂರ್ಯಾಸ್ತಕ್ಕೆ ಮೊದಲೇ ಹಚ್ಚಬೇಕು. 2025ರಲ್ಲಿ ಅವ್ 29 ಶನಿವಾರ ಬಿತ್ತು, ಅಂದರೆ ಶುಕ್ರವಾರ ಸಂಜೆ ಮೊದಲು ಈ ದೀಪ, ಆಮೇಲೆ ಶಬ್ಬಾತ್ (ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನ) ದೀಪ. ಕ್ರಮ ತಿರುಗಿಸಿದರೆ ಶಬ್ಬಾತ್ ಆಗಲೇ ಹೊಕ್ಕಂತೆ. ಮತ್ತೆ ಬೆಂಕಿ ಹೊತ್ತಿಸುವಂತಿಲ್ಲ.

ಮೇಣದಬತ್ತಿ ಕನಿಷ್ಠ 24 ಗಂಟೆ ಉರಿಯುವಂಥದ್ದಿರಲಿ. ಸಣ್ಣ ಬತ್ತಿ ನಡುರಾತ್ರಿಗೇ ಮುಗಿಯುತ್ತದೆ. ದಪ್ಪ ಗಾಜಿನ ಲೋಟದಲ್ಲಿಟ್ಟು, ಕೆಳಗೆ ಲೋಹದ ತಟ್ಟೆ ಇಡಿ. ಕೊನೆಯ ಗಂಟೆಗಳಲ್ಲಿ ತಳ ಕಾದು ತೆಳು ಗಾಜು ಸೀಳುತ್ತದೆ. ಊದಿ ಆರಿಸಬಾರದು, ತಾನಾಗಿಯೇ ಆರಲಿ.

ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಗೆ ಹತ್ತು ವಯಸ್ಕ ಯಹೂದಿಗಳ ಕೂಟ, ಅಂದರೆ ಮಿನ್ಯಾನ್ ಬೇಕು. ಕೊಚ್ಚಿಯಲ್ಲಿ ಈಗ ಅಷ್ಟು ಜನ ಸೇರುವುದೇ ಕಷ್ಟ, ಅದೇ ನೋವಿನ ಸಂಗತಿ. ದೀಪಕ್ಕೆ ಮಾತ್ರ ಒಬ್ಬರು ಸಾಕು, ಮೊಮ್ಮಕ್ಕಳೂ ಹಚ್ಚಬಹುದು.