ಸಾಸಿವೆ ಎಂ ಹತ್ತಿರ ಇದೆ, ಅತ್ತಿಗೆ

ಎಣ್ಣೆ ಕಾದು ಹೊಗೆ ಏಳುವಾಗ ಸಾಸಿವೆ ಡಬ್ಬಿ ಹುಡುಕಿದ್ದೀರಾ? ಇವತ್ತು ಬೆಳಗ್ಗೆ ನಾನು ಹುಡುಕಿದೆ. ಒಲೆಯ ಬಲಕ್ಕೆ, ಮೇಲಿನ ಸಾಲು, ಮೊದಲನೇ ಡಬ್ಬಿ. ಮದುವೆಯಾದಾಗಿನಿಂದ ಅದರ ಜಾಗ ಅದೇ. ಕರೆಂಟ್ ಹೋದರೂ ಕೈಗೆ ಸಿಗುತ್ತದೆ. ಇವತ್ತು ಅಲ್ಲಿ ಕೈಗೆ ಬಂದದ್ದು ಇಂಗು.

"ಸಾಸಿವೆ ಎಲ್ಲೋ?" ಎಂದು ಕೂಗಿದೆ.

"ಎಂ ಹತ್ತಿರ ನೋಡಿ, ಅತ್ತಿಗೆ. ಮಸ್ಟರ್ಡ್ ಅಲ್ವಾ?" ಎಂದು ಹಾಲ್‌ನಿಂದ ಉತ್ತರ ಬಂತು.

ನನ್ನ ಮೈದುನ ಎಸ್‌ಎಸ್‌ಸಿ ಪರೀಕ್ಷೆಗೆ, ಅಂದರೆ ಕೇಂದ್ರ ಸರ್ಕಾರದ ಕೆಲಸಗಳಿಗೆ ಜನರನ್ನು ಆರಿಸುವ ಪರೀಕ್ಷೆಗೆ, ಓದುತ್ತಿದ್ದಾನೆ. ಹಾಸನದ ಕಡೆಯ ಹಳ್ಳಿಯಿಂದ ಬಂದು ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿದ್ದಾನೆ, ಹತ್ತಿರದಲ್ಲೇ ಕೋಚಿಂಗ್ ಇದೆ ಅಂತ. ಒಳ್ಳೆಯ ಹುಡುಗ. ತಟ್ಟೆ ತಾನೇ ತೊಳೆದಿಡುತ್ತಾನೆ. ಗಣಿತದಲ್ಲಿ ಚುರುಕು. ಎಡವುವುದು ತರ್ಕದ ವಿಭಾಗವಾದ ರೀಸನಿಂಗ್‌ನ ಒಂದೇ ಒಂದು ಪ್ರಶ್ನೆಯಲ್ಲಿ. 2023ರಿಂದ ಎಸ್‌ಎಸ್‌ಸಿಯ ಕೆಲವು ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದು, ಸಂತೋಷವೇ. ಆದರೆ ಅವನ ಕನ್ನಡ ಪುಸ್ತಕದಲ್ಲೂ ಈ ಪ್ರಶ್ನೆ ಬಂದಾಗ "ಕೆಳಗಿನ ಪದಗಳನ್ನು ಇಂಗ್ಲಿಷ್ ನಿಘಂಟಿನ ಕ್ರಮದಲ್ಲಿ ಜೋಡಿಸಿ" ಎಂದೇ ಇರುತ್ತದೆ. ಕೆಳಗೆ ಒಂದೇ ಮನೆಯವರಂತೆ ಕಾಣುವ ಐದು ಪದಗಳು.

ಪ್ರಶ್ನೆ ಓದಿ ಹೇಳುವ ಕೆಲಸ ನನ್ನದು. ಚಪಾತಿ ಹಿಟ್ಟು ಕಲೆಸುತ್ತಾ ಓದಿದೆ: "ಸ್ಟೇಷನರಿ, ಸ್ಟೇಟ್, ಸ್ಟೇಷನರಿ, ಸ್ಟ್ಯಾಟಿಕ್, ಸ್ಟೇಷನ್."

"ಅತ್ತಿಗೆ, ಸ್ಟೇಷನರಿ ಎರಡು ಸಲ ಓದಿದ್ರಿ."

"ಎರಡು ಸಲ ಇದೆಯಪ್ಪ."

"ಯಾವುದು ಮೊದಲು ಓದಿದ್ದು? ನಿಂತಿರೋದಾ, ಪೆನ್ನು ಪೇಪರಾ?"

ಹಿಟ್ಟಿನ ಕೈಯಲ್ಲಿ ಪುಸ್ತಕ ಹಿಡಿದು ನೋಡಬೇಕಾಯಿತು. ಎಂಟನೇ ಅಕ್ಷರದಲ್ಲಿ ಒಂದಕ್ಕೆ ಎ, ಇನ್ನೊಂದಕ್ಕೆ ಇ. ಅದಷ್ಟೇ ವ್ಯತ್ಯಾಸ. ಪುಟದ ಮೇಲೆ ಈಗಲೂ ಹಿಟ್ಟಿನ ಹೆಬ್ಬೆಟ್ಟಿದೆ.

ನಿಯಮವೇನೋ ಸುಲಭ. ಮೊದಲ ಅಕ್ಷರ ಒಂದೇ ಆದರೆ ಎರಡನೆಯದು ನೋಡು, ಅದೂ ಒಂದೇ ಆದರೆ ಮೂರನೆಯದು. ಒಂದು ಪದ ಅರ್ಧಕ್ಕೆ ಮುಗಿದುಹೋದರೆ ಅದೇ ಮುಂದೆ, ಹಾಗಾಗಿ ಸ್ಟೇಷನ್ ಆದಮೇಲೆ ಸ್ಟೇಷನರಿ. ಇಷ್ಟು ಅವನಿಗೂ ಗೊತ್ತು. ತೊಂದರೆ ಇರುವುದು ಬೇರೆ ಕಡೆ. ಆರ್ ಮುಂದೋ ಪಿ ಮುಂದೋ ಅಂತ ಕೇಳಿದರೆ ಅವನು ಹಾಡಬೇಕು.

ಹೌದು, ಎಬಿಸಿಡಿ ಹಾಡು. ಅದೇ ರಾಗ. ಅದೂ ಎ ಇಂದಲೇ ಶುರುವಾಗಬೇಕು, ನಡುವಿನಿಂದ ಹಿಡಿಯಲು ಬರುವುದಿಲ್ಲ. ಎಲ್ಲೆಮ್ಮೆನ್ನೋಪಿ ಎನ್ನುವುದು ಅವನ ಪಾಲಿಗೆ ಒಂದೇ ಅಕ್ಷರ, ಅದನ್ನು ಬಿಡಿಸಲು ಇನ್ನೊಂದು ಸಲ ನಿಧಾನವಾಗಿ ಹಾಡುತ್ತಾನೆ. ನಡುವೆ ಕಾಲಿಂಗ್ ಬೆಲ್ ಆದರೆ ಮತ್ತೆ ಮೊದಲಿಂದ. ಕುಕ್ಕರ್ ಕೂಗಿದರೆ ಮತ್ತೆ ಮೊದಲಿಂದ. ಯುಕೆಜಿಯಲ್ಲಿರುವ ನನ್ನ ಮಗಳು ಪಕ್ಕದಲ್ಲಿ ಕೂತು ತಾಳ ಹಾಕುತ್ತಾಳೆ. "ಚಿಕ್ಕಪ್ಪ, ಯು ಬಿಟ್ಟೆ" ಅಂತ ತಿದ್ದುತ್ತಾಳೆ. ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 36 ಸೆಕೆಂಡ್. ತಪ್ಪಾದರೆ ಅರ್ಧ ಅಂಕ ಕಟ್. ಇವನ ಒಂದು ಹಾಡಿಗೇ ಅದರಲ್ಲಿ ಅರ್ಧ ಹೊತ್ತು ಹೋಗುತ್ತದೆ.

ನಮ್ಮ ಕನ್ನಡದ ವರ್ಗಗಳನ್ನು ನೋಡಿ. ಕ ಖ ಗ ಗಂಟಲಲ್ಲಿ ಹುಟ್ಟುತ್ತವೆ. ಹಾಗೇ ಮುಂದೆ ಮುಂದೆ ಬಂದು ಪ ಫ ಬ ಹೊತ್ತಿಗೆ ತುಟಿಗೆ ತಲುಪುತ್ತೇವೆ. ಬಾಯಲ್ಲೇ ದಾರಿ ಇದೆ. ಇಂಗ್ಲಿಷಿನಲ್ಲಿ ಎ ಆದಮೇಲೆ ಬಿ ಯಾಕೆ ಅಂದರೆ ಮೊದಲಿಂದ ಹಾಗೇ ಬಂದಿದೆ, ಅಷ್ಟೇ. 1604ರಲ್ಲಿ ರಾಬರ್ಟ್ ಕಾಡ್ರಿ ಎಂಬಾತ ಇಂಗ್ಲಿಷಿಗೆ ಇಂಗ್ಲಿಷಲ್ಲೇ ಅರ್ಥ ಹೇಳುವ ನಿಘಂಟು ಅಚ್ಚು ಹಾಕಿಸಿದ. ಎ ಇಂದ ಶುರುವಾಗುವ ಪದ ಬೇಕಿದ್ದರೆ ಪುಸ್ತಕದ ಆರಂಭದಲ್ಲಿ ನೋಡಿ, ವಿ ಆದರೆ ಕೊನೆಯ ಕಡೆ ನೋಡಿ ಅಂತ ಓದುಗರಿಗೆ ಬಿಡಿಸಿ ಹೇಳಿದ್ದಾನೆ. ಹೇಳಿದ್ದು ಇಂಗ್ಲಿಷರಿಗೇ! ಇದನ್ನು ಮೈದುನನಿಗೆ ಹೇಳಿದ್ದೇ ತಪ್ಪಾಯಿತು ನೋಡಿ, ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು. ಹಾಡದೆ ಕಲಿಯುತ್ತೇನೆ, ಕಣ್ಣಿಗೆ ಕಾಣುವ ಹಾಗೆ ಜೋಡಿಸಿದರೆ ತಲೆಯಲ್ಲಿ ಕೂರುತ್ತದೆ ಎಂದ. ಜೋಡಿಸಲು ಸಿಕ್ಕಿದ್ದು ನನ್ನ ಅಡುಗೆಮನೆ.

ಮಸಾಲೆ ಸಾಲು ಅವನಿಗೆ ಹಬ್ಬ. ಏಲಕ್ಕಿ, ಓಮ, ಚಕ್ಕೆ, ಲವಂಗ, ಧನಿಯ, ಜೀರಿಗೆ. ಇಂಗ್ಲಿಷಿನಲ್ಲಿ ಎಲ್ಲವೂ ಸಿ! "ಪ್ರಶ್ನೆಪತ್ರಿಕೆ ಥರಾನೇ ಇದೆ, ಅತ್ತಿಗೆ" ಅಂತ ಕುಣಿದ. ಕಡಲೆಬೇಳೆ, ಉದ್ದಿನಬೇಳೆ ಎರಡೂ ಬಿ ಪಾಲಾದವು. ತೊಗರಿಬೇಳೆಯನ್ನು ರೆಡ್ ಗ್ರಾಂ ಅಂತ ಆರ್‌ಗೆ ಇಟ್ಟ, ಮಾರನೇ ದಿನ ಪಿಜನ್ ಪೀ ಅಂತ ಪಿಗೆ ತಂದ. ಎಸ್ ಸಾಲಿನಲ್ಲಿ ಸಬ್ಬಕ್ಕಿ, ಉಪ್ಪು, ರವೆ, ಎಳ್ಳು, ಸಕ್ಕರೆ. ಎಲ್ಲವೂ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು. ಇವರ ಕಾಫಿಗೆ ಏನು ಬಿತ್ತು ಅಂತ ಬೇರೆ ಹೇಳಬೇಕಾ? ಹಾಕಿಕೊಂಡದ್ದು ಅವರೇ, ಬೈಗುಳ ಮಾತ್ರ ನನಗೆ.

ಇವತ್ತು ಹೊಗೆಯ ನಡುವೆ ನಿಂತು, ಎಂ ಎಲ್ಲಿ ಬರುತ್ತದೆ ಅಂತ ನಾನೇ ಎ ಇಂದ ಹಾಡಿಕೊಂಡೆ. ಬಾಣಲೆ ಕಪ್ಪಾಯಿತು.

ಚೆನ್ನಾಗಿ ಬೈಯಬೇಕು ಅಂತಲೇ ಹಾಲ್‌ಗೆ ಹೋಗಿದ್ದೆ. ಆಗಲಿಲ್ಲ. ಹಿಂದಿನ ರಾತ್ರಿ ಊರಿಂದ ಮಾವನ ಫೋನ್ ಬಂದಿತ್ತು. ಹಿನ್ನೆಲೆಯಲ್ಲಿ ಕೇಳುತ್ತಿದ್ದ ಇವನ ಹಾಡಿಗೆ ಅವರು "ಬಿಎಸ್ಸಿ ಮುಗಿಸಿದವನು ಇನ್ನೂ ಎಬಿಸಿಡಿ ಹೇಳ್ತಿದ್ದಾನಲ್ಲಮ್ಮ" ಎಂದರು. ನಗುತ್ತಲೇ ಅಂದರು. ಸ್ಪೀಕರ್ ಆನ್ ಇತ್ತು. ಹಾಡು ಅಲ್ಲಿಗೇ ನಿಂತಿತು. ಅವನು ಊಟಕ್ಕೆ ಬಂದದ್ದು ನಾವೆಲ್ಲ ಎದ್ದ ಮೇಲೆ.

ಡಬ್ಬಿಗಳನ್ನು ಮಾತ್ರ ಮಧ್ಯಾಹ್ನವೇ ಹಳೇ ಜಾಗಕ್ಕೆ ಇಟ್ಟೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಈ ಅಧ್ಯಾಯ ಮುಗಿಯಿತಂತೆ, ಮುಂದಿನದು ರಕ್ತಸಂಬಂಧ. ಅದನ್ನೂ ಸಂಜೆಯೇ ಶುರು ಹಚ್ಚಿಕೊಂಡ.

"ನನ್ನ ಅಣ್ಣನ ಒಬ್ಬಳೇ ಮಗಳ ತಾಯಿ ನನಗೆ ಇನ್ನೊಂದು ದೋಸೆ ಹಾಕ್ತಾರಾ?"

ಹಾಕಿದೆ. ಚಟ್ನಿ ಕೊಡಲಿಲ್ಲ.